ಅಮಲ್ದಾರರ ಮನೆ ನೋಡಲು ಹೋದ ದಿನ

ಬಸ್ಸಿಗೆ ಖರ್ಚಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಸೊನ್ನೆ ಟಿಕೆಟ್ಟು ಹರಿದು ಕೊಡುತ್ತಾನೆ. ಅಮಲ್ದಾರರ ಮನೆಯೊಳಗೆ ಹೋಗಲು ತಲೆಗೆ ಐವತ್ತು ರೂಪಾಯಿ, ಹಿಂದಿನ ತೋಟವನ್ನೂ ನೋಡುವುದಾದರೆ ಇನ್ನೊಂದು ಇಪ್ಪತ್ತು. ಬುತ್ತಿ ಮನೆಯದೇ. ದುಡ್ಡಿನ ಲೆಕ್ಕ ಅಲ್ಲಿಗೆ ಮುಗಿಯಿತು. ಮಿಕ್ಕ ಲೆಕ್ಕವೇ ದೊಡ್ಡದು. ಹೆಂಗಸೊಬ್ಬಳು ಒಂದು ಹಗಲು ಮನೆ ಬಿಟ್ಟು ಸುಮ್ಮನೆ ಏನನ್ನೋ ನೋಡಿಕೊಂಡು ಬರಬೇಕೆಂದರೆ ಕೋಳಿ ಕೂಗುವ ಮೊದಲೇ ಎದ್ದು ಎರಡು ಹೊತ್ತಿನ ಅಡಿಗೆ ಮಾಡಿಡಬೇಕು. ಸಂಜೆ ಹಸು ಕರೆಯಲು ಪಕ್ಕದ ಮನೆಯ ಕೆಂಚಮ್ಮನನ್ನು ಒಪ್ಪಿಸಬೇಕು. ಒಪ್ಪಿಸಿದ್ದಕ್ಕೆ ಅವಳು ಆಡುವ ಮಾತು ಕೇಳಿಸಿಕೊಳ್ಳಬೇಕು. “ಅತ್ತೆ ಸೊಸೆ ಟೂರಾ? ಹೋಗ್ಬನ್ನಿ, ಹೋಗ್ಬನ್ನಿ. ನಮ್ಮತ್ತೆ ನನ್ನ ಬಾವಿ ತಾವಕ್ಕೂ ಒಬ್ಬಳನ್ನೇ ಕಳಿಸ್ತಿರಲಿಲ್ಲ” ಎಂದಿದ್ದಳು ಕೆಂಚಮ್ಮ. ಆ ಮಾತಿನಲ್ಲಿ ಹೊಟ್ಟೆಕಿಚ್ಚು ಎಷ್ಟು, ಮೆಚ್ಚುಗೆ ಎಷ್ಟು ಎಂದು ಮೀನಾಕ್ಷಮ್ಮ ಅಳೆಯಲು ಹೋಗಲಿಲ್ಲ. ಎರಡನ್ನೂ ಸೇರಿಸಿ ತನ್ನ ಲಾಭಕ್ಕೇ ಬರೆದುಕೊಂಡಳು. ಕೊನೆಗೆ ಗಂಡನ ಮುಖ. ಚಂದ್ರಶೇಖರಪ್ಪ ಜಗಲಿಯ ಮೇಲೆ ಕೂತು, ತೆಂಗಿನಗರಿಯ ಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತ, “ಯಾರದೋ ಮನೆ ನೋಡಕ್ಕೆ ದುಡ್ಡು ಕೊಟ್ಟು ಹೋಗ್ತೀರಲ್ಲ, ನಮ್ಮ ಮನೆಗೇನಾಗೈತೆ? ಬನ್ನಿ, ಪುಕ್ಕಟೆ ತೋರಿಸ್ತೀನಿ” ಅಂದ. ಮಗ ಸತ್ತ ಮೇಲೆ ಅವನ ಬಾಯಿಂದ ಬಂದ ಮೊದಲ ತಮಾಷೆ ಅದು. ನಗಬೇಕೋ ಬೇಡವೋ ತಿಳಿಯದೆ ಅತ್ತೆ ಸೊಸೆ ಇಬ್ಬರೂ ಚಪ್ಪಲಿ ಹುಡುಕುವವರಂತೆ ಬಗ್ಗಿದ್ದರು.

ಇಷ್ಟೆಲ್ಲ ಬೆಲೆ ಕೊಟ್ಟದ್ದು ಸೊಸೆ ಸ್ಪೂರ್ತಿಗಾಗಿ. ಎಮ್ಮೆದೊಡ್ಡಿ ಕಡೆಯ ಆ ಊರಿನಲ್ಲಿ ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಅತ್ತೆ ಮನೆಯಲ್ಲೇ ಉಳಿದ ಹುಡುಗಿ ಅವಳೊಬ್ಬಳೇ. ಮಕ್ಕಳಿರಲಿಲ್ಲ, ಹಿಡಿದಿಡುವಂಥದ್ದು ಏನೂ ಇರಲಿಲ್ಲ. ಆದರೂ ಇದ್ದಳು. ಹೋದ ಭಾನುವಾರ ಲಿಂಗದಹಳ್ಳಿಯಿಂದ ಅವಳ ಅಣ್ಣ ಭೈರೇಶ ಬಂದು, ಕೊಟ್ಟ ಕಾಫಿ ಆರುವವರೆಗೂ ಮುಟ್ಟದೆ ಕೂತು, ಆಮೇಲೆ ಲೋಟಕ್ಕೇ ಹೇಳುವವನಂತೆ, “ತಂಗಿ ಇನ್ನೂ ಚಿಕ್ಕೋಳು ಅತ್ತೆ. ಎಷ್ಟು ದಿನ ಅಂತ ಇಟ್ಕೊಳ್ತೀರಿ? ಒಂದು ಕಡೆ ಮಾತು ನಡೀತೈತೆ. ಬರೋ ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ” ಅಂದಿದ್ದ. ಇಟ್ಕೊಳ್ತೀರಿ ಅಂದ ಮಾತು ಮೀನಾಕ್ಷಮ್ಮನಿಗೆ ಅಂಗಾಲಿಗೆ ಹೊಕ್ಕ ಜಾಲಿಮುಳ್ಳಿನ ಹಾಗೆ ಕೂತುಬಿಟ್ಟಿತು. ಇಟ್ಟುಕೊಂಡದ್ದೇ? ಅಡವಿನ ಒಡವೆಯೇ ಅವಳು? ಸ್ಪೂರ್ತಿ ಮಾತ್ರ ಅಣ್ಣನಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ಯೋಚ್ನೆ ಮಾಡಿ ಫೋನ್ ಮಾಡ್ತೀನಿ” ಅಂದಳು. ಆವತ್ತಿನಿಂದ ಮೀನಾಕ್ಷಮ್ಮ ಸೊಸೆಯ ಫೋನು ಸದ್ದು ಮಾಡಿದಾಗಲೆಲ್ಲ ಹಿಟ್ಟು ಕಲಸುತ್ತಿದ್ದ ಕೈ ನಿಲ್ಲಿಸಿ ಕಿವಿಗೊಟ್ಟಳು. ಈ ವಾರದಲ್ಲಿ ಏನಾದರೊಂದು ಮಾಡಬೇಕಿತ್ತು. ಬೇಡಿಕೊಂಡರೆ ಅದು ಹಿಡಿದಿಟ್ಟ ಹಾಗೆ. ಬೇಡಿಕೊಳ್ಳದಿದ್ದರೆ ಹೋಗು ಅಂದ ಹಾಗೆ. ಆಗ ನೆನಪಾದದ್ದು ಅಜ್ಜಂಪುರದ ಹತ್ತಿರದ ಆ ಹಳೆಯ ಮನೆ. ಒಂದು ದಿನ ಅಡುಗೆಮನೆಯಲ್ಲಿ ಸ್ಪೂರ್ತಿ ಫೋನಿನಲ್ಲಿ ಅದನ್ನು ತೋರಿಸಿ, “ಎಷ್ಟು ಚೆನ್ನಾಗೈತೆ ನೋಡಿ ಅತ್ತೆ, ಹಿಂದ್ಗಡೆ ತೋಟ ಬೇರೆ. ಈಗ ಜನ ನೋಡಕ್ಕೆ ಬಿಡ್ತಾರಂತೆ” ಅಂದಿದ್ದಳು. ಎರಡು ವರ್ಷದಲ್ಲಿ ಅವಳು ಒಂದು ವಸ್ತುವನ್ನು ಚೆನ್ನಾಗಿದೆ ಅಂದದ್ದು ಅದೇ ಮೊದಲು.

ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಬಳೆ, ರಿಬ್ಬನ್ನು ಮಾರುವ ಗಾಡಿಯ ಮುಂದೆ ಮೀನಾಕ್ಷಮ್ಮ ಇದ್ದಕ್ಕಿದ್ದಂತೆ ನಿಂತಳು. ಮೆರೂನು ಬಣ್ಣದ ಸಣ್ಣ ಸ್ಟಿಕರುಗಳ ಒಂದು ಹಾಳೆ ಕೊಂಡು ಸೊಸೆಯ ಕೈಗೆ ಕೊಟ್ಟು, ಬೇರೆ ಕಡೆ ನೋಡುತ್ತ, “ಹಾಕ್ಕೊ. ಹಣೆ ಬೋಳು ಬೋಳಾಗಿ ಕಾಣ್ತೈತೆ” ಅಂದಳು. ಸ್ಪೂರ್ತಿ ಬಸ್ಸಿನ ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡು ಒಂದನ್ನು ಅಂಟಿಸಿಕೊಂಡಳು, ಕಿತ್ತಳು, ಇನ್ನೂ ಸ್ವಲ್ಪ ಮೇಲಕ್ಕೆ ಅಂಟಿಸಿದಳು. ಮೀನಾಕ್ಷಮ್ಮನ ಎದೆ ಉಬ್ಬಿತು. ಊರಿನ ಯಾವ ಅತ್ತೆ ಹೀಗೆ ಮಾಡಿದ್ದಾಳೆ? ಚೂಡಿದಾರ ಹಾಕು ಅಂದವಳು ತಾನೇ, ಹೂ ಮುಡಿಯಬೇಡ ಅಂತ ಯಾವತ್ತೂ ಬಾಯಿಬಿಟ್ಟು ಹೇಳದವಳು ತಾನೇ. ಹೂ ಮುಡಿದುಕೋ ಅಂತಲೂ ಹೇಳಿರಲಿಲ್ಲ ಎಂಬುದು ಬೀರೂರು ದಾಟಿದ ಮೇಲೆ ಸುಮ್ಮನೆ, ಯಾರೂ ಕೇಳದೆ ಇದ್ದರೂ ನೆನಪಾಯಿತು. ಅದನ್ನು ಅವಳು ಕಿಟಕಿಯ ಆಚೆಗೆ ತಳ್ಳಿದಳು.

ಕಿಟಕಿಯ ಆಚೆ ರಾಗಿ ಇನ್ನೂ ಹಸಿರಾಗಿತ್ತು. ಆಮೇಲೆ ತೆಂಗಿನ ತೋಟಗಳು ತೆಳ್ಳಗಾಗಿ, ಕೆಮ್ಮಣ್ಣು ಹೋಗಿ ಕಪ್ಪು ಎರೆ ಬಂತು. ಹೊಲದ ಅಂಚಿಗೆ ಈರುಳ್ಳಿ ರಾಶಿ ಹಾಕಿ ಗರಿ ಮುಚ್ಚಿದ್ದರು. ಹೆಂಗಸರು ಸಾಲಾಗಿ ಕೂತು ಈರುಳ್ಳಿಯ ಜುಟ್ಟು ಕೊಯ್ಯುತ್ತಿದ್ದರು. ಘಾಟು ಬಸ್ಸಿನೊಳಕ್ಕೂ ಬಂದು ಎಲ್ಲರ ಕಣ್ಣಲ್ಲೂ ನೀರು ಬರಿಸಿತು. ಹೀಗೆ ಕಾರಣವಿದ್ದು ಬರುವ ಕಣ್ಣೀರು ಎಷ್ಟು ಸಲೀಸು ಅಂದುಕೊಂಡಳು ಮೀನಾಕ್ಷಮ್ಮ. ಮಗ ಸುದೀಪ ಹೋದ ದಿನ ಅವಳಿಗೆ ಕಣ್ಣೀರು ಬಂದಿರಲಿಲ್ಲ. ಮಧ್ಯಾಹ್ನ, ಮಳೆ ಬಂದು ನಿಂತಿತ್ತು, ಅವನು ಆಗಷ್ಟೇ ಕೈ ತೊಳೆದು ಊಟಕ್ಕೆ ಕೂತಿದ್ದ. ಹಿತ್ತಲಿನಿಂದ ಕೂಗಿದವಳು ಅವಳೇ: “ಲೇ, ತ್ರೀ ಫೇಸ್ ಬಂತು ಕಣೋ! ಮೋಟ್ರು ಹಾಕ್ಬಾ ಹೋಗು, ಊಟ ಎಲ್ಲೂ ಓಡಿಹೋಗಲ್ಲ.” ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಎದ್ದು ಹೋದ. ಸ್ಪೂರ್ತಿ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಕೂತಿದ್ದಳು. ತೋಟದ ಸ್ಟಾರ್ಟರ್ ಡಬ್ಬಿಯ ಹತ್ತಿರ ಕರೆಂಟು ಹೊಡೆದು ಅವನು ಬಿದ್ದಿದ್ದಾನೆ ಎಂದು ಜನ ಓಡಿಬರುವವರೆಗೂ ಆ ಮುಚ್ಚಿದ ತಟ್ಟೆಯ ಮುಂದೆ ಹಾಗೇ ಕೂತಿದ್ದಳು. ಅವತ್ತಿನಿಂದ ಇವತ್ತಿನವರೆಗೆ ಒಂದು ದಿನವೂ, ನೀವು ಕೂಗದೆ ಇದ್ದಿದ್ದರೆ ಅತ್ತೆ, ಅಂತ ಅಂದಿಲ್ಲ. ಅಂದಿದ್ದರೆ ಒಂದು ಸಲ ಜಗಳವಾಗಿ ಮುಗಿದುಹೋಗುತ್ತಿತ್ತು. ಅನ್ನದೆ ಬಿಟ್ಟದ್ದರಿಂದಲೇ ಮೀನಾಕ್ಷಮ್ಮನಿಗೆ ಅವಳಿಲ್ಲದ ಮನೆಯನ್ನು ಊಹಿಸಲು ಆಗುತ್ತಿರಲಿಲ್ಲ. ಆ ಕೂಗು ಕೇಳಿಸಿಕೊಂಡವಳು, ಕೇಳಿಸಿಕೊಂಡೂ ತನ್ನ ಜೊತೆ ಒಂದೇ ಒಲೆಯ ಮುಂದೆ ಕೂರುವವಳು ಇಡೀ ಭೂಮಿಯ ಮೇಲೆ ಅವಳೊಬ್ಬಳೇ.

“ಅತ್ತೆ, ಇಳೀರಿ. ಅಜ್ಜಂಪುರ ಬಂತು. ನಿದ್ದೆನಾ?”

“ನಿದ್ದೆ ಎಲ್ಲಿ ಬತ್ತೈತೆ. ಈರುಳ್ಳಿ ಘಾಟು.”

ಅಮಲ್ದಾರರ ಮನೆ ಪೇಟೆಯಿಂದ ಸ್ವಲ್ಪ ದೂರ, ಆಟೋದವನು ಇಳಿಸಿದ ಬೇಲಿಯ ಹಿಂದೆ ಇತ್ತು. ರಾಜರ ಕಾಲದಲ್ಲಿ ಆ ವಂಶದ ಒಬ್ಬರು ಅಮಲ್ದಾರರಾಗಿದ್ದರಂತೆ. ಈಗ ವಂಶದವರು ಡಾಕ್ಟರು, ಬ್ಯಾಂಕು, ಕಾಲೇಜು ಎಂದು ಅಲ್ಲಲ್ಲಿ ಹಂಚಿಹೋಗಿ, ಮನೆಯನ್ನು ರಿಪೇರಿ ಮಾಡಿಸಿ, ನೋಡುವವರಿಗೆ ತೆರೆದಿದ್ದರು. ಟಿಕೆಟ್ಟು ಕೊಟ್ಟವಳು, ಮನೆ ತೋರಿಸಿದವಳು ಎಲ್ಲ ಒಬ್ಬಳೇ, ಆ ಮನೆಯ ಮೊಮ್ಮಗಳು ಶ್ರೀಜಾ. ಖಾದಿ ಸೀರೆ, ಕತ್ತರಿಸಿದ ಕೂದಲು, ಹಣೆಗೆ ಕಾಸಗಲ ಕುಂಕುಮ. ಇವರ ಜೊತೆಗೆ ತರೀಕೆರೆಯಿಂದ ಸ್ತ್ರೀಶಕ್ತಿ ಸಂಘದ ಹೆಂಗಸರ ಒಂದು ಗುಂಪೂ ಬಂದಿತ್ತು. ಅವರಲ್ಲಿ ದೊಡ್ಡ ಬಾಯಿಯವಳು ದ್ಯಾಮಮ್ಮ. ತೊಲೆ ನೋಡಿದರೂ ಮಾತು, ತೊಟ್ಟಿಲು ನೋಡಿದರೂ ಮಾತು.

“ಇದು ಮೂಲ ಕಂಬ, ದಯವಿಟ್ಟು ಯಾರೂ ಮುಟ್ಟಬೇಡಿ” ಎಂದಳು ಶ್ರೀಜಾ.

“ಮುಟ್ಟಬ್ಯಾಡಿ ಅಂದ್ರೆ ಹೆಂಗವ್ವಾ? ಮನೆ ಅಂದ್ಮೇಲೆ ಕಂಬಕ್ಕೆ ಒರಗದೆ ಕೂರಕ್ಕಾಯ್ತದಾ?” ಎಂದಳು ದ್ಯಾಮಮ್ಮ. “ಐವತ್ತು ರೂಪಾಯಿ ಕೊಟ್ಟಿದ್ದೀನಿ, ಒಂದು ಗಳಿಗೆ ಒರಗ್ತೀನಿ ಬಿಡು.”

ಎಲ್ಲರೂ ನಕ್ಕರು. ಸ್ಪೂರ್ತಿಯೂ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿಯದೆ. ಮೀನಾಕ್ಷಮ್ಮ ಮನೆ ನೋಡುವುದನ್ನು ಬಿಟ್ಟು ಸೊಸೆಯನ್ನೇ ನೋಡುತ್ತ ನಡೆದಳು. ತೊಟ್ಟಿ, ಕಣಜ, ದರ್ಬಾರಿನ ಪಡಸಾಲೆ, ಹಗ್ಗ ಕಟ್ಟಿ ದೂರವಿಟ್ಟ ಮಂಚ. ಜನ ಬಾಳಿದ ಮನೆಗೆ ಹಗ್ಗ ಕಟ್ಟುತ್ತಾರೆ, ಸಂತೆಗೆ ಹೊಡೆದ ದನಕ್ಕೆ ಕಟ್ಟಿದ ಹಾಗೆ, ಅನ್ನಿಸಿತು. ಗೋಡೆ ಚೆನ್ನಾಗಿದ್ದವು, ಸುಣ್ಣ ಹೊಸದು. ಆದರೆ ಒಲೆಯ ಮೇಲಿನ ಗೋಡೆ ಕಪ್ಪಗಿಲ್ಲ. ಒಲೆ ಉರಿಯದ ಅಡುಗೆಮನೆ ಎಷ್ಟು ದೊಡ್ಡದಿದ್ದರೇನು. ಅಡುಗೆಮನೆಯ ಮಗ್ಗುಲಿಗೆ ಒಂದು ಸಣ್ಣ ಕತ್ತಲೆ ಕೋಣೆ. ಶ್ರೀಜಾ ಅದರ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದಳು. “ಇದು ನಮ್ಮ ಮುತ್ತಜ್ಜಿಯ ಅತ್ತಿಗೆ ಇದ್ದ ಕೋಣೆ. ತುಂಬಾ ಚಿಕ್ಕ ವಯಸ್ಸಿಗೆ ಗಂಡ ಹೋದರು. ಆಮೇಲೆ ಸಾಯೋವರೆಗೂ ಇದೇ ಕೋಣೆ, ಇದೇ ಕಿಟಕಿ. ಆ ಕಿಟಕಿಯಿಂದ ತೋಟ ಕಾಣುತ್ತೆ. ಆದರೆ ಅವರು ತೋಟಕ್ಕೆ ಒಂದು ಸಲವೂ ಹೋಗಿಲ್ಲ ಅಂತ ಹೇಳ್ತಾರೆ.” ಹೆಂಗಸರು ಲೊಚಗುಟ್ಟಿದರು. ದ್ಯಾಮಮ್ಮ “ಆ ಕಾಲ ಹೋಯ್ತು ಬಿಡ್ರವ್ವ, ಪುಣ್ಯ” ಅಂದಳು. ಗುಂಪು ಮುಂದೆ ಹೋಯಿತು. ಸ್ಪೂರ್ತಿ ಮಾತ್ರ ಒಳಗೆ ಹೋಗಿ, ಕಿಟಕಿಯ ಸರಳು ಹಿಡಿದು ನಿಂತಳು. ಮೀನಾಕ್ಷಮ್ಮನಿಗೆ ಕರೆಯಬೇಕೆನಿಸಿತು, ಕರೆಯಲಿಲ್ಲ. ನಮ್ಮ ಕಡೆ ಇಂಥದ್ದೆಲ್ಲ ಇಲ್ಲವಲ್ಲ ಎಂದುಕೊಂಡಳು. ನಮ್ಮಲ್ಲಿ ಯಾರನ್ನೂ ಕೋಣೆಯಲ್ಲಿ ಕೂರಿಸುವುದಿಲ್ಲ, ಹೊಲಕ್ಕೆ ಹೋಗುತ್ತಾರೆ, ಸಂತೆಗೆ ಹೋಗುತ್ತಾರೆ, ಬಾಯಿ ತುಂಬ ಮಾತಾಡುತ್ತಾರೆ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಹೋದ ವರ್ಷದ ಮದುವೆಮನೆಯೊಂದು ಕಣ್ಣಮುಂದೆ ಬಂತು. ಮಂಟಪದ ಮುಂದೆ ಹೆಂಗಸರು ಸಾಲಾಗಿ ಕೂತಿದ್ದಾರೆ, ಅರಿಶಿನ ಕುಂಕುಮದ ತಟ್ಟೆ ಒಬ್ಬೊಬ್ಬರನ್ನೇ ದಾಟಿ ಬರುತ್ತಿದೆ, ಸ್ಪೂರ್ತಿಯ ಹತ್ತಿರ ಬರುತ್ತಲೇ ತಟ್ಟೆ ಹಿಡಿದ ಹುಡುಗಿ ಏನು ಮಾಡಬೇಕೋ ತಿಳಿಯದೆ ಒಂದು ಕ್ಷಣ ನಿಲ್ಲುತ್ತಾಳೆ. ಆ ಒಂದು ಕ್ಷಣದಲ್ಲಿ ಸ್ಪೂರ್ತಿಯ ಮುಖ. ಅದನ್ನು ಇನ್ನೊಂದು ಸಲ ನೋಡಲಾರೆ ಎಂದು ಮೀನಾಕ್ಷಮ್ಮ ಅವತ್ತೇ ನಿಶ್ಚಯಿಸಿದ್ದಳು. ಅಲ್ಲಿಂದ ಮುಂದೆ ನಾಮಕರಣವಿರಲಿ, ಗೃಹಪ್ರವೇಶವಿರಲಿ, ತಟ್ಟೆ ಸೊಸೆಯ ತನಕ ಬರುವ ಮೊದಲೇ ತಾನೇ ಕೈ ಅಡ್ಡ ತಂದು, ಕಣ್ಣಲ್ಲೇ ಸನ್ನೆ ಮಾಡಿ, ಅದನ್ನು ಆಚೆಯವರ ಕಡೆಗೆ ತಿರುಗಿಸಿಬಿಡುತ್ತಿದ್ದಳು. ಯಾರಿಗೂ ಗೊತ್ತಾಗದಂತೆ, ನೊಣ ಓಡಿಸುವಷ್ಟು ಸಲೀಸಾಗಿ.

ತೋಟ ಚೆನ್ನಾಗಿತ್ತು. ಸಂಪಿಗೆ, ಚಕ್ಕೋತ, ಹಳೆಯ ಒಂದು ಮಾವು, ನೀರಿಲ್ಲದ ಕಾರಂಜಿಯ ಸುತ್ತ ಕಲ್ಲಿನ ಕಟ್ಟೆ. ಸಂಘದ ಹೆಂಗಸರು ಫೋಟೋ ತೆಗೆಸಿಕೊಳ್ಳಲು ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು. ಅತ್ತೆ ಸೊಸೆ ಚಕ್ಕೋತದ ನೆರಳಿನಲ್ಲಿ ಬುತ್ತಿ ಬಿಚ್ಚಿದರು: ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರು. ಎರಡು ವರ್ಷದಿಂದ ಎರಡು ರೊಟ್ಟಿಗೆ ಕೈ ತೊಳೆಯುತ್ತಿದ್ದ ಸ್ಪೂರ್ತಿ ಇವತ್ತು ಮೂರನೆಯದಕ್ಕೆ ಕೈ ಹಾಕಿದಳು.

“ಅತ್ತೆ, ಒಂದು ಮಾತು.”

“ಹೇಳು.”

“ಬೈಯಬಾರದು.”

“ಬೈಯೋದು ಬಿಡೋದು ಆಮೇಲೆ. ಮೊದಲು ಹೇಳವ್ವ.”

“ಭಾನುವಾರ ಅಣ್ಣ ಬಂದ್ರೆ, ಬರಲ್ಲ ಅಂತ ಹೇಳ್ಬಿಡ್ಲಾ? ಕಡೂರಲ್ಲಿ ಬಿ.ಎಡ್. ಸೀಟು ಸಿಗ್ತೈತಂತೆ. ಮನೆಯಿಂದ್ಲೇ ಓಡಾಡ್ತೀನಿ. ಮುಂಚೆ ಹೇಳಿದ್ರೆ ನೀವು ಏನಂತೀರೋ ಅಂತ... ಬೆಳಿಗ್ಗೆ ನೀವೇ ಇದನ್ನ ಕೊಡ್ಸಿದ್ರಲ್ಲ,” ಹಣೆಯ ಸ್ಟಿಕರನ್ನು ಬೆರಳಿನಿಂದ ಮುಟ್ಟಿದಳು, “ಆವಾಗ ಅನ್ನಿಸ್ತು. ಇಲ್ಲೇ ಇದ್ರೂ ಬದುಕಬಹುದು ಅಂತ.”

ಮೀನಾಕ್ಷಮ್ಮ ತುಂಬಿದ ಕೊಡ ಹೊತ್ತವಳು ಆಚೆ ಈಚೆ ತಿರುಗದ ಹಾಗೆ ಮೈ ಬಿಗಿಹಿಡಿದು ಕೂತಳು. ಸಂತೋಷ ಅತಿಯಾಗಿ ತೋರಿಸಿದರೆ ದೃಷ್ಟಿಯಾಗುತ್ತದೆ. “ನಿನ್ನಿಷ್ಟ ಕಣವ್ವ. ಓದು. ಓದಿದ್ದು ಯಾರೂ ಕಿತ್ಕೊಳ್ಳಲ್ಲ” ಎಂದಷ್ಟೇ ಹೇಳಿ, ಸೊಸೆಯ ಎಲೆಗೆ ಇನ್ನೊಂದಿಷ್ಟು ಮೊಸರು ಸುರಿದಳು. ಆ ಗಳಿಗೆಯಲ್ಲಿ ಅವಳಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಬೇಡಿಕೊಳ್ಳದೆ, ಅಳದೆ, ಯಾರ ಕಾಲೂ ಹಿಡಿಯದೆ ಸಿಕ್ಕಿತ್ತು. ಮಾವಿನ ಮರದ ಮೇಲೆ ಯಾವುದೋ ಹಕ್ಕಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಚಂದ್ರಶೇಖರಪ್ಪನಿಗೆ ಈ ಸುದ್ದಿಯನ್ನು ಹೇಗೆ ಹೇಳಲಿ, ಊಟಕ್ಕೆ ಮುಂಚೆಯೋ ಆಮೇಲೋ, ಅಂತ ಅವಳು ಆಗಲೇ ಯೋಚಿಸುತ್ತಿದ್ದಳು.

ಹೊರಡುವಾಗ ಶ್ರೀಜಾ ಎಲ್ಲರನ್ನೂ ಮುಂಬಾಗಿಲ ಪಡಸಾಲೆಯಲ್ಲಿ ನಿಲ್ಲಿಸಿದಳು. ಬೆಳ್ಳಿಯ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಸಂಪಿಗೆ ಹೂ. “ನಮ್ಮ ಮನೆಗೆ ಬಂದ ಹೆಂಗಸರನ್ನ ಕುಂಕುಮ ಕೊಡದೆ ಕಳಿಸೋ ಪದ್ಧತಿ ಇರಲಿಲ್ಲ. ಅದನ್ನ ಈಗಲೂ ಉಳಿಸಿಕೊಂಡಿದ್ದೀವಿ. ನೋಡೋಕೆ ಬಂದ ಎಲ್ಲರಿಗೂ ಆ ಅನುಭವ ಸಿಗಲಿ ಅಂತ.” ಎಲ್ಲರಿಗೂ ಅಂದದ್ದನ್ನು ಮೀನಾಕ್ಷಮ್ಮ ಕೇಳಿಸಿಕೊಂಡಳು. ಕಿವಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ. ತಟ್ಟೆ ಸಾಲಿನಲ್ಲಿ ಬರತೊಡಗಿತು. ದ್ಯಾಮಮ್ಮ ಕುಂಕುಮ ಹಚ್ಚಿಸಿಕೊಂಡು, “ಹೂ ದೊಡ್ಡದು ನೋಡಿ ಕೊಡವ್ವಾ” ಅಂದಳು. ಮೀನಾಕ್ಷಮ್ಮನ ಸರದಿ. ಶ್ರೀಜಾ ಅವಳ ಹಣೆಗಿಟ್ಟಳು, ಅವಳು ತಾಳಿಗೂ ಮುಟ್ಟಿಸಿಕೊಂಡಳು. ತಟ್ಟೆ ಮುಂದಕ್ಕೆ ಸರಿಯಿತು. ಸ್ಪೂರ್ತಿ ಒಂದಿಷ್ಟೇ ತಲೆ ಬಾಗಿಸಿದ್ದಳು. ಕಣ್ಣು ಮುಚ್ಚಿಕೊಂಡಿದ್ದಳು, ಬಿಸಿಲಿಗೆ ಮುಖ ಒಡ್ಡಿದವರ ಹಾಗೆ. ಅದನ್ನು ಮೀನಾಕ್ಷಮ್ಮ ಸ್ಪಷ್ಟವಾಗಿ ಕಂಡಳು. ಕಂಡಮೇಲೂ ಅವಳ ಕೈ ಬಂತು. ಬಂದು ತಟ್ಟೆಯ ಅಂಚು ಹಿಡಿದು ಆಚೆಯವಳ ಕಡೆಗೆ ತಿರುಗಿಸಿತು. ಬಾಯಿ ಕೂಡ, ಯಾವತ್ತೂ ಇಲ್ಲದ್ದು, ಅವತ್ತು ಜೊತೆಗೂಡಿತು.

“ಅವ್ಳಿಗೆ ಬ್ಯಾಡ.”

ಶ್ರೀಜಾಳ ಬೆರಳು ಕುಂಕುಮದೊಂದಿಗೆ ಗಾಳಿಯಲ್ಲೇ ನಿಂತಿತು. “ಯಾಕೆ ಆಂಟಿ?” ಎಂದು ಕೇಳಿದಳು. ನಿಜವಾಗಿಯೂ ತಿಳಿಯದೆ ಕೇಳಿದಳು, ಅದೇ ಇನ್ನೂ ಕೆಟ್ಟದ್ದು. ಆಮೇಲೆ ತಿಳಿಯಿತು, ಮುಖ ಕೆಂಪಾಯಿತು. “ಓ... ಸಾರಿ. ಸಾರಿ ಕಣ್ರೀ, ನಂಗೆ ಗೊತ್ತಾಗ್ಲಿಲ್ಲ. ಆದ್ರೆ ಇಲ್ಲಿ ಅದೆಲ್ಲ ಏನಿಲ್ಲ, ನಾವು ಎಲ್ಲರಿಗೂ ಕೊಡ್ತೀವಿ...” ಎಂದು ತಟ್ಟೆಯನ್ನು ಮತ್ತೆ ಮುಂದಕ್ಕೆ ತಂದಳು. ದ್ಯಾಮಮ್ಮ ಹಿಂದಿನಿಂದ, ಪಿಸುಮಾತು ಅಂದುಕೊಂಡು ಎಲ್ಲರಿಗೂ ಕೇಳುವಂತೆ, “ಅಯ್ಯೋ ಶಿವನೇ, ಇಷ್ಟು ಎಳೇದಾ? ಸ್ಟಿಕರ್ ನೋಡಿ ನಾನು...” ಅಂದಳು. ಆಗ ಎಲ್ಲರ ಕಣ್ಣೂ ಸ್ಪೂರ್ತಿಯ ಹಣೆಗೆ ಹೋದವು. ಸ್ಪೂರ್ತಿ ಕಣ್ಣು ತೆರೆದಿದ್ದಳು. ಅತ್ತೆಯನ್ನು ನೋಡಲಿಲ್ಲ. “ಪರ್ವಾಗಿಲ್ಲ, ನಂಗೆ ಬೇಡ” ಎಂದು ಶ್ರೀಜಾಗೆ ಹೇಳಿ, ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಂಡಳು. ಅವಸರ ಮಾಡಲಿಲ್ಲ.

ಪೇಟೆಯ ತನಕ ಆಟೋ ಸಿಗಲಿಲ್ಲ. ನಡೆದರು. ಸೊಸೆ ಮುಂದೆ, ಅತ್ತೆ ಹಿಂದೆ. ನಿನಗೆ ಅವಮಾನವಾಗಬಾರದು ಅಂತಲೇ ಕಣೇ, ತಟ್ಟೆ ಹಿಡಿದ ಆ ಹುಡುಗಿ ಕೈ ಹಿಂದೆ ತಗೊಂಡಿದ್ದರೆ ನಿನಗೆ ಹೇಗಾಗುತ್ತಿತ್ತು ಅಂತ, ರೂಢಿ ಕಣೇ, ಕೈಗೆ ರೂಢಿ. ಹೇಳಬೇಕಾದ ಮಾತುಗಳನ್ನು ಮೀನಾಕ್ಷಮ್ಮ ಒಳಗೇ ಜೋಡಿಸುತ್ತ ಬಂದಳು. ಎಲ್ಲವೂ ನಿಜವಾಗಿದ್ದವು. ಆದರೆ ಎಲ್ಲವನ್ನೂ ಜೋಡಿಸಿಟ್ಟರೂ ಕೆಳಗೆ ಇನ್ನೊಂದು ಉಳಿಯುತ್ತಿತ್ತು, ರಾಗಿ ಕೇರಿದ ಮೇಲೆ ಮೊರದಲ್ಲಿ ಉಳಿಯುವ ಕಲ್ಲಿನ ಹಾಗೆ. ಆ ಹುಡುಗಿ ಹಿಂಜರಿಯಲಿಲ್ಲವಲ್ಲ. ಬೆರಳು ನೆಟ್ಟಗೆ ಹಣೆಗೆ ಬರುತ್ತಿತ್ತು, ಅದನ್ನೂ ಕಂಡಿದ್ದಳು. ಹಿಂಜರಿಯದ ಕೈಯನ್ನು ತಡೆದದ್ದು ಯಾಕೆ? ಸ್ಟಿಕರು ಬೇರೆ. ಅದು ಅಂಗಡಿಯದು, ಅಂಟಿಸಿದ್ದನ್ನು ಕಿತ್ತುಹಾಕಬಹುದು. ಕುಂಕುಮ ಇಟ್ಟರೆ, ಒಂದು ಮನೆಯ ಬಾಗಿಲಲ್ಲಿ ನಾಲ್ಕು ಜನರ ಮುಂದೆ ಇಟ್ಟರೆ, ಆಮೇಲೆ ಇವಳು ಸುದೀಪನ ಹೆಂಡತಿಯಾಗಿದ್ದವಳಷ್ಟೇ. ಸುದೀಪ ಇದ್ದ, ಇಲ್ಲೇ ಇದ್ದ ಅನ್ನುವುದಕ್ಕೆ ಉಳಿದಿರುವುದು ಏನು? ಫೋಟೋಗೆ ಹಾಕಿದ ಹಾರ, ಮೂಲೆಯಲ್ಲಿರುವ ಬೈಕು, ಈ ಹುಡುಗಿಯ ಖಾಲಿ ಹಣೆ. ತಾನು ಅವಳನ್ನು ಮಗಳ ಹಾಗೆ ನೋಡಿಕೊಂಡೆ ಎಂದು ನಂಬಿದ್ದಳಲ್ಲ, ಮಗಳ ಹಾಗಲ್ಲ, ಮಗನ ಸಮಾಧಿಯ ಹಾಗೆ ನೋಡಿಕೊಂಡಿದ್ದಳು. ಗುಡಿಸಿ, ಸಾರಿಸಿ, ಯಾರೂ ತುಳಿಯದಂತೆ ಕಾದುಕೊಂಡು. ಇಷ್ಟು ಹೊಳೆದಾಗ ಮೀನಾಕ್ಷಮ್ಮ ಈರುಳ್ಳಿ ಮಂಡಿಯೊಂದರ ಕಟ್ಟೆ ಹಿಡಿದು ನಿಂತಳು. ಸ್ಪೂರ್ತಿಯೂ ನಿಂತಳು. ಹಿಂತಿರುಗಿ ಬಂದು ನೀರಿನ ಬಾಟಲಿ ಕೊಟ್ಟಳು.

“ಕುಡೀರಿ. ಬಿಸಿಲು.”

“ಸ್ಪೂರ್ತಿ...”

“ಕುಡೀರಿ ಅತ್ತೆ ಮೊದಲು.”

ಬಸ್‌ಸ್ಟ್ಯಾಂಡಿನಲ್ಲಿ ಬೀರೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ತರೀಕೆರೆಯದು ನಿಂತಿತ್ತು, ಕಂಡಕ್ಟರು ಬಾಗಿಲಲ್ಲಿ ಜೋತು “ತರೀಕೆರೆ, ತರೀಕೆರೆ, ಕೂತ್ಕಳಿ ಬೇಗ” ಎಂದು ಕೂಗುತ್ತಿದ್ದ. ಸ್ಪೂರ್ತಿ ಅದನ್ನೇ ನೋಡುತ್ತಿದ್ದಳು. ಮೀನಾಕ್ಷಮ್ಮನಿಗೆ ಅವಳು ಹೇಳುವ ಮೊದಲೇ ಗೊತ್ತಾಯಿತು.

“ನಾನು ಇದ್ರಲ್ಲೇ ಹೋಗ್ತೀನಿ ಅತ್ತೆ. ತರೀಕೆರೆಯಿಂದ ಲಿಂಗದಹಳ್ಳಿಗೆ ಸಂಜೆ ತನಕ ಬಸ್ಸೈತೆ.”

“ಒಂದು ಮಾತಿಗೆ... ಒಂದು ಕೈ ಅಡ್ಡ ಬಂದಿದ್ದಕ್ಕೆ ಹೋಗ್ತೀಯಾ? ಆಗ ಇರ್ತೀನಿ ಅಂದ್ಯಲ್ಲೇ.”

“ಅಂದೆ.” ಸ್ಪೂರ್ತಿಯ ದನಿಯಲ್ಲಿ ಕೋಪವಿರಲಿಲ್ಲ. “ನೀವು ಕೆಟ್ಟೋರಲ್ಲ ಅತ್ತೆ. ಅದೇ ಕಷ್ಟ. ಕೆಟ್ಟೋರಾಗಿದ್ರೆ ದಿನಾ ಜಗಳ ಆಡ್ಕೊಂಡು ಇದ್ಬಿಡ್ತಿದ್ದೆ. ಮದುವೆ ಮನೇಲಿ ನೀವು ತಟ್ಟೆ ತಿರುಗಿಸ್ತಿದ್ದಿದ್ದು ನಂಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ರಾ? ಪ್ರತಿ ಸಲ ಗೊತ್ತಾಗ್ತಿತ್ತು. ಊರೋರ ಮುಂದೆ ಪಾಪ, ಅವ್ರಿಗೂ ಬೇರೆ ದಾರಿ ಇಲ್ಲ ಅಂದ್ಕೊಂಡಿದ್ದೆ. ಇಲ್ಲಿ ನಮ್ಮನ್ನ ಬಲ್ಲೋರು ಯಾರಿದ್ರು ಹೇಳಿ?”

ಮೀನಾಕ್ಷಮ್ಮ ರೂಢಿ ಅನ್ನಬಹುದಿತ್ತು. ತಪ್ಪಾಯಿತು ಅನ್ನಬಹುದಿತ್ತು. ಅಂದರೆ ಹುಡುಗಿ ಕರಗುತ್ತಾಳೆ, ಬೀರೂರಿನ ಬಸ್ಸು ಹತ್ತುತ್ತಾಳೆ, ಅದೂ ಅವಳಿಗೆ ಗೊತ್ತಿತ್ತು. ಕರಗಿ ಬಂದು ಮುಂದಿನ ವರ್ಷ, ಅದರ ಮುಂದಿನ ವರ್ಷ, ತನ್ನ ಕೈ ಇನ್ನೊಂದು ಕಡೆ ಇನ್ನೊಂದನ್ನು ತಿರುಗಿಸುತ್ತದೆ, ಬಿ.ಎಡ್. ಪುಸ್ತಕವನ್ನೋ, ಯಾರದೋ ಫೋನನ್ನೋ. ಈ ಕೈಯನ್ನು ಅವಳು ಇನ್ನು ನಂಬುವಂತಿರಲಿಲ್ಲ.

“ಬಟ್ಟೆ?” ಅಂದಳು.

“ಭಾನುವಾರ ಅಣ್ಣ ಬರ್ತಾನಲ್ಲ. ಕೊಟ್ಟು ಕಳಿಸಿ.”

“ಉಳಿದ ರೊಟ್ಟಿ ತಗೊ. ಲಿಂಗದಹಳ್ಳಿ ಮುಟ್ಟೋ ಹೊತ್ತಿಗೆ ಹಸಿವಾಗ್ತೈತೆ.”

ಸ್ಪೂರ್ತಿ ಬುತ್ತಿಯ ಡಬ್ಬಿ ತೆಗೆದುಕೊಂಡಳು. ಬಗ್ಗಿ ಕಾಲು ಮುಟ್ಟಲು ಬಂದಳು. ಮೀನಾಕ್ಷಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. “ಹೋಗು, ಹೋಗು, ಸೀಟು ಸಿಗಲ್ಲ” ಅಂದಳು. ಸ್ಪೂರ್ತಿ ಹತ್ತಿದಳು. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಹೋಯಿತು. ಕಿಟಕಿಯಿಂದ ಅವಳು ಕೈ ಬೀಸಿದಳೋ ಇಲ್ಲವೋ, ಧೂಳಿನಲ್ಲಿ ಮೀನಾಕ್ಷಮ್ಮನಿಗೆ ಕಾಣಿಸಲಿಲ್ಲ.

ಅವಳು ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹಸು ಕರೆದು, ಹಾಲಿನ ಪಾತ್ರೆ ಕೈಯಲ್ಲಿ ಹಿಡಿದಿದ್ದ ಕೆಂಚಮ್ಮ, “ಎಲ್ಲಿ ಸೊಸೆ? ಹಿಂದಿನ ಬಸ್ಸಿಗಾ?” ಅಂದಳು. ಚಂದ್ರಶೇಖರಪ್ಪ ಜಗಲಿಯಿಂದ ಕತ್ತೆತ್ತಿ ಬೀದಿಯ ತುದಿಯವರೆಗೆ ನೋಡಿದ.

“ಲೇ ಮೀನಾಕ್ಷಿ, ಒಬ್ಬಳೇ ಬಂದ್ಯಾ?”

“ತೌರಿಗೆ ಹೋದ್ಲು.”

“ಯಾವಾಗ ಬತ್ತಾಳೆ?”

“ಬರಲ್ಲ.”

ಕೆಂಚಮ್ಮ ಹಾಲಿನ ಪಾತ್ರೆಯನ್ನು ಕೆಳಗಿಟ್ಟು ತನ್ನ ಮನೆಗೆ ಹೋದಳು. ಮೀನಾಕ್ಷಮ್ಮ ಒಳಗೆ ಬಂದು ಒಲೆ ಹೊತ್ತಿಸಿ, ಅಕ್ಕಿಯ ಡಬ್ಬಕ್ಕೆ ಕೈ ಹಾಕಿ, ಮೂರು ಜನಕ್ಕೆ ತೆಗೆದು, ಒಂದು ಹಿಡಿ ವಾಪಸು ಹಾಕಿದಳು. ಮಗ ಸತ್ತಾಗ ಊರೆಲ್ಲ ಬಂದು ಈ ಮನೆಯಲ್ಲಿ ಕೂತಿತ್ತು. ಹನ್ನೊಂದು ದಿನ ಯಾರೂ ಒಲೆ ಹಚ್ಚಲು ಬಿಟ್ಟಿರಲಿಲ್ಲ. ಸೊಸೆ ಹೋದದ್ದಕ್ಕೆ ಯಾರೂ ಬರುವುದಿಲ್ಲ. ಉಳಿಯುತ್ತೇನೆ ಅಂದವಳನ್ನು ಮೀನಾಕ್ಷಮ್ಮ ಆವತ್ತು ಕಳೆದುಕೊಂಡಳು, ಬದಲಿಗೆ ಏನೂ ಸಿಗಲಿಲ್ಲ.